ಜಾಲಿ ಬೇರು ಕಿತ್ತ ಸುಂದರಾಬಾಯಿ

ದಿಲ್‌ಸುಖ್‌ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಸುಂದರಾಬಾಯಿ. ಕೆಳಗೆ ಅವರ ಯಜಮಾನರು ಶಿವಶರಣಪ್ಪನವರ ಸ್ಟೀಲ್ ಪಾತ್ರೆಗಳ ಅಂಗಡಿ, ನಡುವಿನ ಮಹಡಿಯಲ್ಲಿ ಅವರು, ಮೇಲೆ ನಾವು. ಬೀದರ್ ಕಡೆಯ ಮನೆತನ. ಅಂಗಡಿಯಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು, ಮನೆಯೊಳಗೆ ಮಾತ್ರ ಕನ್ನಡ.

ಪಟಾನ್‌ಚೆರು ದಾಟಿ ಒಳಗೆ ಹೋದರೆ ಅವರದೊಂದು ಕಲ್ಲುಗುಡ್ಡವಿತ್ತು. ಶಿವಶರಣಪ್ಪನವರ ತಂದೆ ಎಮ್ಮೆ ಮೇಯಿಸಲೆಂದು ಕೊಂಡದ್ದು. ಎಮ್ಮೆಗಳು ಹೋದ ಮೇಲೆ ಯಾರೂ ಅತ್ತ ತಲೆ ಹಾಕಿರಲಿಲ್ಲ. ಮಾಧಾಪುರದ ಬಂಡೆಗಳ ನಡುವೆ ಗಾಜಿನ ಕಚೇರಿಗಳು ಎದ್ದ ವರ್ಷಗಳಲ್ಲಿ ಜಮೀನಿನ ದಲ್ಲಾಳಿಗಳು ಅಂಗಡಿಗೆ ಬಂದು ಕೂರತೊಡಗಿದರು. ಗಡಿಯನ್ನಾದರೂ ಅಳೆಸೋಣವೆಂದು ಗಂಡ ಹೆಂಡತಿ ಹೋದರೆ, ಅಳೆಯುವವನಿಗೆ ಒಳಗೆ ಕಾಲಿಡಲಾಗಲಿಲ್ಲ. ಗುಡ್ಡದ ತುಂಬ ಬಳ್ಳಾರಿ ಜಾಲಿ. ಮುಳ್ಳಿನ ಕೆಳಗೆ ಹುಲ್ಲಿನ ಎಸಳೂ ಇರಲಿಲ್ಲ.

ಹೊಸ ಸೊಸೆಯಾಗಿದ್ದಾಗ ಸುಂದರಾಬಾಯಿ ಅತ್ತೆಯ ಜೊತೆ ಅದೇ ಗುಡ್ಡದಲ್ಲಿ ತೂಬರೆ ಹಣ್ಣು ಆಯ್ದು ಸೆರಗಿಗೆ ಕಟ್ಟಿಕೊಂಡಿದ್ದರು. ಮಾರುವ ಮಾತು ಬಂದಾಗ ಅವರು ಹೆಚ್ಚೇನೂ ವಾದಿಸಲಿಲ್ಲ.

“ಮೊದಲು ಆ ಮುಳ್ಳು ತೆಗೀತೀನ್ರಿ. ಆಮ್ಯಾಲೆ ನೀವು ಹೇಳಿದ್ದು ಕೇಳ್ತೀನಿ,” ಎಂದರು.

ಮೊದಲ ಸಲ ತಪ್ಪಿದರು. ಜೆಸಿಬಿ ತರಿಸಿ ಇಳಿಜಾರನ್ನೆಲ್ಲ ಒಂದೇ ಬೀಸಿಗೆ ಕೆರೆಸಿದರು. ಗುಡ್ಡ ಬೋಳಿಸಿದ ತಲೆಯ ಹಾಗಾಯಿತು. ಮೊದಲ ದೊಡ್ಡ ಮಳೆಗೆ ಕೆಂಪು ಮಣ್ಣು ಕೊಚ್ಚಿಹೋಯಿತು. ಅದರ ಹಿಂದೆಯೇ ಬಿತ್ತಿದಷ್ಟು ಒತ್ತಾಗಿ ಜಾಲಿಯ ಸಸಿಗಳು ಎದ್ದವು. ತುಂಡಾದ ಬೊಡ್ಡೆಗಳು ಒಂದಕ್ಕೆ ಹತ್ತು ಕವಲೊಡೆದವು. ಶಿವಶರಣಪ್ಪನವರು ನಕ್ಕರು. ಸುಂದರಾಬಾಯಿ ಅಂದು ಊಟ ಮಾಡಲಿಲ್ಲವೆಂದು ನನ್ನ ಹೆಂಡತಿ ಹೇಳಿದಳು.

ಮುಂದಿನ ವಾರ ಅವರು ಗೋಣಿಚೀಲದಲ್ಲಿ ಹಾರೆ ಸುತ್ತಿಕೊಂಡು ಸಿಟಿ ಬಸ್ಸು ಹತ್ತಿದರು. ದಿಲ್‌ಸುಖ್‌ನಗರದಿಂದ ಪಟಾನ್‌ಚೆರುವೆಂದರೆ ಊರಿನ ಈ ತುದಿಯಿಂದ ಆ ತುದಿಗೆ. ಕಂಡಕ್ಟರ್ ಹಾರೆ ನೋಡಿ ತಕರಾರು ತೆಗೆದನಂತೆ. ಬುತ್ತಿಯ ಡಬ್ಬಿ ತೆರೆದು ಅವನಿಗೊಂದು ಜೋಳದ ರೊಟ್ಟಿ ಕೊಟ್ಟು ಕೂತರಂತೆ. ಮಂಡಿನೋವಿದ್ದ, ಐವತ್ತು ದಾಟಿದ ಹೆಂಗಸು!

ಗುಡ್ಡದ ಬುಡದಲ್ಲಿ ಯಾದಗಿರಿ ಕಡೆಯ ಬೂದೆಪ್ಪ ಮತ್ತು ಅವನ ಹೆಂಡತಿ ಗದಿಗೆಮ್ಮ ಗುಡಿಸಲು ಹಾಕಿಕೊಂಡಿದ್ದರು. ಕಟ್ಟಡದ ಕೂಲಿ ಸಿಗದ ದಿನ ಜಾಲಿ ಕಡಿದು ಇದ್ದಿಲು ಸುಟ್ಟು ಹೋಟೆಲುಗಳಿಗೆ ಹಾಕುವುದು ಅವರ ಬದುಕು. ಸುಂದರಾಬಾಯಿ ಅವರನ್ನೇ ಕೆಲಸಕ್ಕೆ ಕರೆದರು. ಬೂದೆಪ್ಪ ಗಿಡ ಕಡಿದ, ಆದರೆ ಬೊಡ್ಡೆ ಕೀಳಲಿಲ್ಲ. ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದ.

“ಬೇರು ಕಿತ್ತರ ಮುಂದಿನ ವರ್ಷ ನಾ ಏನು ಸುಡಲಿ, ಅಕ್ಕಾರ? ನಿಮಗ ಇದು ಕಸ. ನಮಗ ಇದು ಬೆಳಿ.”

ಈ ಮಾತು ಸುಂದರಾಬಾಯಿಯವರನ್ನು ಮರಳುವ ಬಸ್ಸಿನ ದಾರಿಯುದ್ದಕ್ಕೂ ಚುಚ್ಚಿತು. ಬೈದು ಓಡಿಸಬಹುದಿತ್ತು, ಜಾಗ ಅವರದು. ಹಾಗೆ ಮಾಡಲಿಲ್ಲ. ಪೂರ್ವದ ಮಗ್ಗುಲಿನ ಜಾಲಿಯನ್ನು ಮುಟ್ಟುವುದಿಲ್ಲ, ಅದು ನಿಮಗೆ ಬಿಟ್ಟದ್ದು ಎಂದರು. ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ ಬೇರು ಸಮೇತ ಬರಬೇಕು, ಬೇರಿನ ಇದ್ದಿಲೂ ನಿಮ್ಮದೇ. ಗದಿಗೆಮ್ಮ ಗಂಡನಿಗಿಂತ ಮೊದಲು ಒಪ್ಪಿದಳು. ಅಂದಿನಿಂದ ಇಬ್ಬರು ಹೆಂಗಸರೂ ಎದುರುಬದುರು ಕೂತು ಬೊಡ್ಡೆಯ ಸುತ್ತ ಮಣ್ಣು ಬಿಡಿಸುವುದು, ಬೂದೆಪ್ಪ ಹಾರೆ ಹಾಕಿ ಎಬ್ಬಿಸುವುದು ನಡೆಯಿತು.

ಈ ಸಲ ಒಟ್ಟಿಗೆ ಬೋಳಿಸಲಿಲ್ಲ. ಒಂದು ಪಟ್ಟಿ ಕಿತ್ತು, ಒಂದು ಪಟ್ಟಿ ಬಿಟ್ಟು, ಕಿತ್ತ ಮುಳ್ಳನ್ನೇ ಇಳಿಜಾರಿಗೆ ಅಡ್ಡ ಒಟ್ಟಿ ಮಣ್ಣು ತಡೆದರು. ಬೆಳಕು ಬಿದ್ದಲ್ಲಿ ಹುಲ್ಲು ಬಂತು. ಗುಡ್ಡದ ಹಳೆಯ ಮರಗಳ ಬೇರುಗಳು ಸತ್ತಿರಲಿಲ್ಲ. ಮುಳ್ಳಿನ ಕತ್ತಲೆಯಲ್ಲಿ ಗೇಣುದ್ದ ಕುಳಿತಿದ್ದ ಮುತ್ತುಗ, ಸೀತಾಫಲ, ತೂಬರೆ ಒಂದೊಂದಾಗಿ ಚಿಗುರಿದವು. ಪೊದೆಯಾಗಿ ಬಂದದ್ದರಲ್ಲಿ ನೆಟ್ಟಗಿನ ಒಂದು ಕವಲು ಉಳಿಸಿ ಮಿಕ್ಕಿದ್ದನ್ನು ಸವರುತ್ತಿದ್ದರು. ಮೂರನೆಯ ಬೇಸಿಗೆಗೆ ಮುತ್ತುಗ ಹೂ ಬಿಟ್ಟಿತು. ಆ ದಿನ ಶಿವಶರಣಪ್ಪನವರು ಅಂಗಡಿ ಮುಚ್ಚಿ ಬಂದರು. ಬಂಡೆಯ ಮೇಲೆ ಕೂತು, ಸಂಜೆ ದಲ್ಲಾಳಿಯ ಫೋನು ಬಂದಾಗ ಕಟ್ ಮಾಡಿದರು.

ಆಮೇಲೆ ಬಂತು ಹೊಸ ರಸ್ತೆ. ಅದರ ಗುರುತಿನ ಕಲ್ಲುಗಳು ಸರಿಯಾಗಿ ಪಶ್ಚಿಮದ ಇಳಿಜಾರಿನ ನಡುವೆ ಬಿದ್ದವು. ಇಷ್ಟು ವರ್ಷ ಕೈಯಾರೆ ಎಬ್ಬಿಸಿದ ಕಾಡಿನ ಬಹುಪಾಲು ಹೋಗುವುದೆಂದು ಖಚಿತವಾಯಿತು. ಪರಿಹಾರ ಬಂತು, ಅದರ ಮಾತು ಸುಂದರಾಬಾಯಿ ಆಡಲೇ ಇಲ್ಲ. ಯಂತ್ರಗಳು ಬಂದ ದಿನ ನಾನೂ ಜೊತೆಗೆ ಹೋಗಿದ್ದೆ. ಒಂದು ಮುತ್ತುಗ ಉರುಳುವುದನ್ನು ನಿಂತು ನೋಡಿದರು, ಎರಡನೆಯದಕ್ಕೆ ಬೆನ್ನು ತಿರುಗಿಸಿದರು. ಗದಿಗೆಮ್ಮ ಅತ್ತಳು. ಇವರು ಅಳಲಿಲ್ಲ. ಉರುಳಿದ ಸೀತಾಫಲದ ಗಿಡಗಳಿಂದ ಹಣ್ಣು ಬಿಡಿಸಿ ಬೀಜ ತೆಗೆಯತೊಡಗಿದರು.

“ಇನ್ನ ಸಾಕು ಬಿಡು,” ಎಂದರು ಶಿವಶರಣಪ್ಪನವರು, ಮೆತ್ತಗೆ.

“ಮ್ಯಾಲಿನ ಗುಡ್ಡ ಉಳದೈತಲ್ರಿ. ಅಲ್ಲೇ ಮಾಡ್ತೀನಿ,” ಎಂದರು ಅವರು.

ಹಾಗೆಯೇ ಮಾಡಿದರು. ಕಲ್ಲು ಹೆಚ್ಚು, ಮಣ್ಣು ಕಡಿಮೆ, ಕೆಲಸ ಭಾಳ ನಿಧಾನ. ಅಂಗಡಿಯನ್ನು ವಾರಕ್ಕೆರಡು ದಿನ ಆಳಿಗೆ ಒಪ್ಪಿಸಿ ಶಿವಶರಣಪ್ಪನವರೂ ಬರತೊಡಗಿದರು. ಅವರಿಗೆ ಯಾವ ಕವಲು ಉಳಿಸಬೇಕೆಂದು ತಿಳಿಯುತ್ತಿರಲಿಲ್ಲ, ಕೇಳಲು ಬಿಗುಮಾನ. ತಪ್ಪು ಕವಲು ಸವರಿ ಬೈಸಿಕೊಳ್ಳುತ್ತಿದ್ದರು. ಬೂದೆಪ್ಪ ಪೂರ್ವದ ಮಗ್ಗುಲಿನಲ್ಲಿ ಇದ್ದಿಲು ಸುಡುತ್ತಲೇ ಇದ್ದ. ಅಲ್ಲಿಂದ ಈಚೆಗೆ ಜಾಲಿಯ ಒಂದು ಬೀಜವೂ ದಾಟದಂತೆ ಗದಿಗೆಮ್ಮ ಕಾಯುತ್ತಿದ್ದಳು, ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ತರುವ ಆಡು ಬಂದರೆ ಕಲ್ಲೆಸೆದು ಅಟ್ಟುತ್ತಿದ್ದಳು.

ನಾವು ಮನೆ ಬದಲಿಸಿ ಬೇಗಂಪೇಟೆಗೆ ಹೋದ ಮೇಲೂ ಒಮ್ಮೆ ಗುಡ್ಡಕ್ಕೆ ಹೋಗಿ ಬಂದೆ. ಕೆಳಗಿನ ರಸ್ತೆಯಲ್ಲಿ ಕಂಪನಿಗಳ ಬಸ್ಸುಗಳು ಸಾಲಾಗಿ ಓಡುತ್ತಿದ್ದವು. ಮೇಲೆ ಆಳೆತ್ತರದ ಗಿಡಗಳ ನಡುವೆ ಸುಂದರಾಬಾಯಿ ಮಂಡಿಗೆ ಬಟ್ಟೆ ಬಿಗಿದುಕೊಂಡು, ಒಂದು ಬೊಡ್ಡೆಯ ಸುತ್ತ ಮಣ್ಣು ಬಿಡಿಸುತ್ತಿದ್ದರು. ನನ್ನನ್ನು ಕಂಡು ಏಳಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಕಳೆಗುದ್ದಲಿಯನ್ನು ನನ್ನ ಕೈಗೇ ಸಿಗುವಂತೆ ಜರುಗಿಸಿದರು.