ಕೋವಿಯ ಒದೆತ ತಗ್ಗಿಸುವ ಶೀನ ಆಚಾರಿ

ಕಾರ್ಕಳದ ಹೊರವಲಯದ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ ಬೆಳಗಿನ ಆರೂವರೆ. ಅಂಚಿನ ಗೋಳಿಮರದ ಕೊಂಬೆಯಿಂದ ಎರಡು ಉದ್ದನೆಯ ಹಗ್ಗಗಳನ್ನು ಇಳಿಬಿಟ್ಟು, ಶೀನ ಆಚಾರಿ ಒಂಟಿ ನಳಿಗೆಯ ಕೋವಿಯೊಂದನ್ನು ಮೊಣಕಾಲೆತ್ತರದಲ್ಲಿ ಅಡ್ಡಡ್ಡ ತೂಗುಹಾಕುತ್ತಿದ್ದಾರೆ. ನಳಿಗೆಯ ಬಾಯಿ ಕೋರೆಯ ಗೋಡೆಯ ಕಡೆಗೆ. ಕೋವಿಯ ಕುದುರೆಗೆ, ಎಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೊಕ್ಕೆಗೆ, ಕಟ್ಟಿದ ದಾರದ ತುದಿ ದೂರದ ಬಂಡೆಯ ಮರೆಯಲ್ಲಿ ನಿಂತ ಅಪೊಲೋನಿಯಾ ಬಾಯಿಯ ಕೈಯಲ್ಲಿದೆ. ಪರವಾನಗಿ ಇರುವುದು ಅವರ ಹೆಸರಿನಲ್ಲಿ, ಆದ್ದರಿಂದ ಎಳೆಯಬೇಕಾದವರೂ ಅವರೇ.

"ಡೊಮಿನಿಕ್ ಪೊರ್ಬುಗಳೇ, ಕೋವಿಯ ಹಿಂದೆ ಎಂತ ಮಾಡುತ್ತೀರಿ ಮಾರಾಯ್ರೆ? ಈಚೆ ಬನ್ನಿ. ಅದಕ್ಕೆ ನಿಮ್ಮ ಗುರುತು ಪರಿಚಯ ಇಲ್ಲ," ಎಂದು ಆಚಾರಿ ಬಾಯಿಯ ಮೈದುನನನ್ನು ಕೂಗಿ ಕರೆಯುತ್ತಾರೆ.

ದಾರ ಎಳೆದದ್ದೇ ತಡ, ಕೋರೆಯೆಲ್ಲ ಗುಡುಗಿತು. ಕೋವಿ ಉಯ್ಯಾಲೆಯ ಹಾಗೆ ಹಿಂದಕ್ಕೆ ಜೀಕಿ, ಆಳೆತ್ತರವನ್ನೂ ಮೀರಿ ಮೇಲೆದ್ದು ಮರಳಿತು. ಆಚಾರಿ ಕಿವಿಯ ಹತ್ತಿ ತೆಗೆದು, "ನೋಡಿದಿರಾ ಬಾಯಮ್ಮ? ಇಷ್ಟೂ ನಿಮ್ಮ ಹೆಗಲಿಗೆ ಬೀಳುತ್ತಿತ್ತು," ಎಂದರು.

ಅಪೊಲೋನಿಯಾ ಬಾಯಿಯ ಹೆಗಲು ಹದಿನೈದು ದಿನಗಳಿಂದ ನೀಲಿಗಟ್ಟಿದೆ. ಹೆಬ್ರಿಯ ಹತ್ತಿರ ಅವರಿಗೆ ಗೆಣಸಿನ ಗದ್ದೆ ಉಂಟು, ಗದ್ದೆಗೆ ಕಾಡುಹಂದಿಗಳ ಕಾಟವೂ ಉಂಟು. ಗಂಡ ತೀರಿಕೊಂಡ ಮೇಲೆ ಕೋವಿ ಇವರ ಹೆಸರಿಗೆ ಬಂತು. ಒಂದು ಗುಂಡು ಹಾರಿಸಿ ಕೆಸರಿನಲ್ಲಿ ಅಂಗಾತ ಬಿದ್ದ ಮೇಲೆ ಅದನ್ನು ಮತ್ತೆ ಹೆಗಲಿಗೆ ಏರಿಸಿಲ್ಲ. ಇವತ್ತೂ ಒದ್ದರೆ ಇಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೋವಿ ಒಪ್ಪಿಸುವುದು ಎಂದು ತೀರ್ಮಾನಿಸಿಯೇ ಬಂದಿದ್ದಾರೆ. ಒಪ್ಪಿಸಿದರೆ ಗೆಣಸು ಹಂದಿಗಳಿಗೆ.

ಈ ಒದೆತಕ್ಕೆ ಕಾರಣ ಮೈದುನ ಡೊಮಿನಿಕ್. ಅತ್ತಿಗೆಗೆ ಭಾರವಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಕೋವಿಯ ಮರವನ್ನು, ಎಂದರೆ ಹೆಗಲಿಗೆ ಆನಿಸುವ ಹಿಡಿಯನ್ನು, ಹತ್ತರಿ ಹೊಡೆದು ಸಪೂರ ಮಾಡಿ, ಹಿಂಭಾಗವನ್ನೂ ಟೊಳ್ಳು ಮಾಡಿದ್ದರು. "ಹಗುರ ಮಾಡಿದರೆ ಸುಲಭ ಅಲ್ವಾ ಅಂತ ಎಣಿಸಿದೆ," ಎನ್ನುವಾಗ ಅವರ ಮುಖ ಹುಳ್ಳಗಾಗುತ್ತದೆ.

ಆಚಾರಿ ಬೈಯುವುದಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ, 1958ರಲ್ಲಿ, ತಾವೂ ಅದನ್ನೇ ಮಾಡಿದ್ದರು. ಅಪ್ಪನ ಜೊತೆ ಬಾಗಿಲು, ತೊಟ್ಟಿಲು ಮಾಡಿಕೊಂಡಿದ್ದವರ ಕೈಗೆ ಮೊದಲ ಕೋವಿ ಬಂದಾಗ ಬಳ್ಳಿಯಂಥ ಸಪೂರ ಮರ ಕೂರಿಸಿದರು. ನೋಡಿದವರೆಲ್ಲ ಹೊಗಳಿದರು. ಮೂರನೇ ದಿನ ಕೋವಿಯ ಯಜಮಾನರು ಊದಿದ ದವಡೆ ಹಿಡಿದುಕೊಂಡು ಬಂದರು. "ಚಂದ ಮಾಡಲಿಕ್ಕೆ ಹೋಗಿ ಅವರ ಹಲ್ಲು ಅಲ್ಲಾಡಿಸಿದೆ. ಒಂದು ವರ್ಷ ನನಗೆ ಯಾರೂ ಕೋವಿ ಕೊಡಲಿಲ್ಲ. ಸರಿಯೇ ಅಲ್ವಾ?"

ತಪ್ಪು ಎಲ್ಲಿ ಎಂದು ಹೊಳೆದದ್ದು ಮಟ್ಟುವಿನ ಹೊಳೆಯಲ್ಲಿ. ಮದುವೆಯಾದ ಹೊಸತು. ಹೆಂಡತಿ ಬೇಬಿಯ ತವರಿನಿಂದ ಒಂದು ಚೀಲ ಗುಳ್ಳ ಬದನೆ ಹೊತ್ತು ಹಿಂತಿರುಗುವಾಗ ಹೊಸ ಅಳಿಯ ಗತ್ತಿನಲ್ಲಿ ಸಣ್ಣ ದೋಣಿಯಿಂದ ದಡಕ್ಕೆ ಹಾರಿದರು. ದೋಣಿ ಹಿಂದೆ ಸರಿಯಿತು, ಅಳಿಯ ನೀರಿಗೆ ಬಿದ್ದರು, ಗುಳ್ಳಗಳು ಹೊಳೆಯ ತುಂಬ ತೇಲಿದವು. "ಬೇಬಿ ಈಗಲೂ ನೆಂಟರಿಗೆಲ್ಲ ಹೇಳಿ ನಗುತ್ತಾಳೆ. ಆದರೆ ಅಲ್ಲಿ ಎಂಟು ಜನ ಕೂರುವ ದೊಡ್ಡ ದೋಣಿಯೂ ಇತ್ತು. ಅದರಿಂದ ಹಾರಿದವರು ಯಾರೂ ಬೀಳುವುದಿಲ್ಲ. ದೋಣಿ ಭಾರ, ಮೆಲ್ಲ ಸರಿಯುತ್ತದೆ. ಕೋವಿಯೂ ಹಾಗೆಯೇ. ತೋಟೆಯೊಳಗಿನ ಗುಂಡುಗಳೆಲ್ಲ ಸೇರಿ ಮೂರು ತೊಲ. ಅವು ಮುಂದಕ್ಕೆ ಓಡಿದಷ್ಟೂ ಕೋವಿ ಹಿಂದಕ್ಕೆ ಬರಲೇಬೇಕು. ಭಾರ ಇದ್ದರೆ ನಡೆದು ಬರುತ್ತದೆ, ಹಗುರ ಇದ್ದರೆ ಓಡಿ ಬರುತ್ತದೆ."

ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಹಯಗ್ರೀವ ಉಪಾಧ್ಯರು ಒಮ್ಮೆ ಈ ಉಯ್ಯಾಲೆ ನೋಡಿ, ಇದು ಸಂವೇಗ ಸಂರಕ್ಷಣೆಯ ನಿಯಮ ಎಂದರಂತೆ. "ಅದಕ್ಕೆ ಹೆಸರೂ ಉಂಟಾ ಮಾಸ್ಟ್ರೇ? ನಾನು ಹೆಸರು ಕೇಳದೆಯೇ ಇಷ್ಟು ವರ್ಷ ದುಡಿಸಿಕೊಂಡೆನಲ್ಲ!" ಎಂದು ಆಚಾರಿ ನಕ್ಕರಂತೆ.

ಇದುವರೆಗೆ ನಾನೂರಕ್ಕೂ ಹೆಚ್ಚು ಕೋವಿಗಳು ಅವರ ಕೈ ದಾಟಿ ಹೋಗಿವೆ. ಒಂದೊಂದಕ್ಕೂ ಹತ್ತು ದಿನದ ಕೆಲಸ. ಬಾಯಿಯ ಕೋವಿಗೆ ಬೀಟಿಯ ಹೊಸ ಮರ ಸಿದ್ಧವಾಗಿದೆ. ಅದರ ಹಿಂಭಾಗ ಕೊರೆದು, ಬೇಬಿಯ ತಮ್ಮಂದಿರು ಮೀನಿನ ಬಲೆಗೆ ಕಟ್ಟುವಂಥ ಸೀಸದ ಗುಂಡುಗಳನ್ನು ಆಚಾರಿ ತುಂಬಿದ್ದಾರೆ. ತುದಿಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆ ಅಂಟಿದೆ. ಕೋವಿಯ ತೂಕ ಮುಕ್ಕಾಲು ಕಿಲೋ ಏರಿದೆ. ಹಳೆಯ ಮರ ಬಿಚ್ಚಿ ಇದನ್ನು ಕೂರಿಸಿ ಮತ್ತೆ ತೂಗುಹಾಕಿ ದಾರ ಎಳೆದರೆ, ಈ ಸಲ ಕೋವಿ ಎದೆಮಟ್ಟಕ್ಕೇ ನಿಂತು ಇಳಿಯುತ್ತದೆ.

ಆದರೆ ಹಗ್ಗಕ್ಕೆ ಭಯವಿಲ್ಲ, ಮನುಷ್ಯರಿಗೆ ಉಂಟು. ಬಾಯಿ ಕೋವಿ ಎತ್ತಿಕೊಂಡು, ಹೆಗಲಿನಿಂದ ಎರಡು ಬೆರಳು ದೂರ ಹಿಡಿಯುತ್ತಾರೆ. ಆಚಾರಿ ಮೆಲ್ಲ ತಡೆಯುತ್ತಾರೆ. "ದೂರ ಹಿಡಿದರೆ ಅದು ಓಡಿ ಬಂದು ಗುದ್ದುತ್ತದೆ ಬಾಯಮ್ಮ. ಗಟ್ಟಿ ಒತ್ತಿಕೊಳ್ಳಿ. ಆಗ ನಿಮ್ಮ ಮೈಭಾರವೂ ಕೋವಿಯದ್ದೇ ಆಗುತ್ತದೆ."

ಬಾಯಿ ಶಿಲುಬೆಯ ಗುರುತು ಮಾಡಿಕೊಂಡು, ಕೋವಿಯನ್ನು ಹೆಗಲಿಗೆ ಒತ್ತಿ, ಉಸಿರು ಬಿಗಿಹಿಡಿದರು. ಡೊಮಿನಿಕ್ ಕಣ್ಣು ಮುಚ್ಚಿಕೊಂಡರು. ಸದ್ದಾಯಿತು. ಗೋಡೆಗೆ ಒರಗಿಸಿದ್ದ ತಗಡಿನ ಡಬ್ಬಿ ಹಾರಿಬಿತ್ತು. ಬಾಯಿ ಒಂದೇ ಒಂದು ಹೆಜ್ಜೆ ಹಿಂದಿಟ್ಟು, ನಿಂತೇ ಇದ್ದರು. ಹೆಗಲು ಮುಟ್ಟಿ ನೋಡಿಕೊಂಡು, "ಇಷ್ಟೇಯಾ?" ಎಂದರು. ಆಮೇಲೆ ಮೈದುನನ ಕಡೆಗೆ ಕೈ ಚಾಚಿ, "ಇನ್ನೊಂದು ತೋಟೆ ಕೊಡು," ಎಂದರು. ಸ್ಟೇಷನ್ನಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಹಗ್ಗ ಸುತ್ತುತ್ತಿದ್ದ ಆಚಾರಿಯನ್ನು, ನಿಮಗೆ ಇನ್ನೇನು ಆಸೆ ಎಂದು ಕೇಳಿದರೆ ಅವರಿಗೆ ನಾಚಿಕೆ. ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೇಳುತ್ತಾರೆ: "ನನ್ನ ಹತ್ತಿರ ಕೋವಿ ತಂದವರು ಇನ್ನೊಂದು ಸಲ ಬರಬಾರದು, ಅಷ್ಟೇ. ಬರುವುದಾದರೆ ಊಟಕ್ಕೆ ಬರಲಿ."