ಪ್ರೊಫೆಸರು ಶಿಂಷೆಗೆ ಹಾರಿದ್ದು

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ; ಬಸ್ಸುಗಳು ಇದ್ದಿಲು ಉರಿಸಿ ಓಡುತ್ತಿದ್ದವು. ನಮ್ಮ ಇದ್ದಿಲು ಬಸ್ಸು ಮದ್ದೂರಿನ ಸೇತುವೆ ಹತ್ತಿರ ಕೆಟ್ಟು ನಿಂತಿತ್ತು. ನಾನು ಮೆಡಿಕಲ್ ವಿದ್ಯಾರ್ಥಿ. ಜೊತೆಗೆ ನಮ್ಮ ಅನಾಟಮಿ ಪ್ರೊಫೆಸರು. ಕೆಳಗೆ ಶಿಂಷೆ ಕೆಂಪಗೆ ತುಂಬಿ ಹರಿಯುತ್ತಿತ್ತು.

"ಅಯ್ಯೋ, ನನ್ ಕರ ಓಯ್ತಲ್ಲಪ್ಪೋ!" ಅಂತ ದಡದಲ್ಲಿ ಒಬ್ಬ ರೈತ ಬಾಯಿ ಬಡಿದುಕೊಂಡ. ನೋಡಿದರೆ ನಡುನೀರಿನಲ್ಲಿ ಕರುವಿನ ಮೂತಿಯಷ್ಟೇ ಕಾಣುತ್ತಿದೆ! ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರು ಕೋಟು, ಬೂಟು ನನ್ನ ಕೈಗೆ ತುರುಕಿ ಧುಮುಕಿಯೇಬಿಟ್ಟರು. ಏನು ಈಜು ಅದು! ಬಸ್ಸಿನವರೆಲ್ಲ ಕೇಕೆ ಹಾಕಿದೆವು. ಕರುವಿನ ಕತ್ತು ತಬ್ಬಿ ದಡಕ್ಕೆ ಎಳೆದು ತಂದರು!

"ಇಂಥಾ ಈಜು ಎಲ್ಲಿ ಕಲ್ತ್ರಿ ಸ್ವಾಮಿ?" ಅಂದ ರೈತ.

ಪ್ರೊಫೆಸರಿಗೆ ಇನ್ನೂ ಏದುಸಿರು. ನಾನೇ ಎದೆಯುಬ್ಬಿಸಿ, "ಇವರು ಒಲಿಂಪಿಕ್ಸ್‌ನಲ್ಲಿ ಈಜಿದವರು ಕಣಯ್ಯ! ದೇಶದೇಶದವರ ಜೊತೆ ಪಂದ್ಯ!" ಅಂದೆ.

ಅವನಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. "ಈಗ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠ ಹೇಳ್ತಾರೆ" ಅಂದೆ.

ತಕ್ಷಣ ಅವನ ಮುಖ ಅರಳಿತು. "ಅಂಗನ್ನಿ ಮತ್ತೆ! ದಿನಾ ಎಣ ಮುಟ್ಟೋರು ದಿನಾ ಒಳೇಲಿ ಮುಳುಗ್ಬೇಕಲ್ವಾ? ಈಜು ಬರ್ದೆ ಇನ್ನೇನು!"

ಪ್ರೊಫೆಸರು ಬಿದ್ದು ಬಿದ್ದು ನಕ್ಕರು. ಆಮೇಲೆ ನಾನೂ ನಿವೃತ್ತಿಯಾಗುವವರೆಗೆ ಹೆಣ ಕೊಯ್ದೇ ಪಾಠ ಹೇಳಿದೆ. ಈಜು ಮಾತ್ರ ಇವತ್ತಿಗೂ ಬಂದಿಲ್ಲ.