ವನಮಾಲಾ ಮೇಡಂ ಹೊಡೆದುಹಾಕಿದ ಉಲ್ಲೇಖಗಳು

ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರ ಕಣ್ಣೂ ಎಲೆಯ ಮೇಲಿದ್ದರೆ, ವನಮಾಲಾ ಮೇಡಂ ಕಣ್ಣು ಮಾತ್ರ ಬಡಿಸುವವರ ಕೈಯ ಮೇಲೆ. ಹೋಳಿಗೆ ಬಂತೆಂದರೆ ಅವರ ಊಟ ಅಲ್ಲಿಗೇ ನಿಂತಿತು. ಪಕ್ಕದವರು ಎಲೆಗೆ ಎರಡೂ ಕೈ ಅಡ್ಡ ಹಿಡಿಯುವುದು, ಬಡಿಸುವವರು ಆ ಕೈಗಳ ಸಂದಿಯಲ್ಲೇ ಹೋಳಿಗೆ ಜಾರಿಸುವುದು, ಮೇಲೆ ತುಪ್ಪ ಸುರಿಯುವುದು, ಇದನ್ನೆಲ್ಲ ನೋಡುತ್ತಾ ಕೂತುಬಿಡುತ್ತಿದ್ದರು. ನಮ್ಮ ಎಲೆಗೆ ಮಜ್ಜಿಗೆ ಬಂದಾಗ ಅವರದಿನ್ನೂ ಸಾರನ್ನವೇ ಮುಗಿದಿರುತ್ತಿರಲಿಲ್ಲ.

ಕೊಪ್ಪದ ನಮ್ಮ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರ ಹೇಳುತ್ತಿದ್ದರು, ನಾನು ಗ್ರಂಥಪಾಲಕ. ಎರಡು ಸಾವಿರದ ಐದಾರನೇ ಇಸವಿಯ ಮಾತು. ಸಕ್ಕರೆ ಕಾಯಿಲೆಯವರು ಪಥ್ಯ ಯಾಕೆ ಮುರಿಯುತ್ತಾರೆ ಎಂಬುದು ಅವರ ಸಂಶೋಧನೆ. ಭಾನುವಾರ ಬಂದರೆ ಸಾಕು, ಒಂದು ಚೀಲ ಹೆಗಲಿಗೇರಿಸಿ ಎನ್.ಆರ್.ಪುರದ ಬಸ್ಸೋ ಶೃಂಗೇರಿ ಬಸ್ಸೋ ಹತ್ತುತ್ತಿದ್ದರು. ಒಮ್ಮೆ ಕಡಹಿನಬೈಲಿನ ಮದುವೆಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಸೀತೂರಿನ ಶೇಷಪ್ಪಗೌಡರು ಸಿಕ್ಕಿದರು. ಡಾಕ್ಟರ ಕೈಲಿ ವಾರದ ಹಿಂದಷ್ಟೇ ಬೈಸಿಕೊಂಡು ಬಂದಿದ್ದ ಮನುಷ್ಯ. ನಾನು ಬುದ್ಧಿವಂತನ ಹಾಗೆ, "ಸಿಹಿ ತಿಂದ್ರಾ ಗೌಡ್ರೆ?" ಎಂದೆ. "ಛೇ, ಮುಟ್ಟಲಿಲ್ಲ" ಎಂದರು ಅವರು.

ಮೇಡಂ ನನ್ನನ್ನು ಮೊಣಕೈಯಲ್ಲಿ ತಿವಿದು ಕೇಳಿದರು: "ಎಷ್ಟು ಹಾಕಿದ್ರು ಗೌಡ್ರೆ?"

"ಮೂರು ಹಾಕಿಬಿಟ್ರು ಮೇಡಂ. ಬ್ಯಾಡ ಬ್ಯಾಡ ಅಂದೆ. ಹೆಣ್ಣಿನ ಅಪ್ಪ ಖುದ್ದು ಬಂದು ನಿಂತಿದಾರೆ. ಬಿಟ್ಟು ಏಳಕ್ಕಾಗ್ತದಾ? ಅವ್ರಿಗೆ ಎಂತ ಅನ್ನಿಸ್ಬೇಕು!"

ಬಸ್ಸಿನಲ್ಲಿ ಮೇಡಂ ಹೇಳಿದ್ದು ನನಗಿನ್ನೂ ನೆನಪಿದೆ. "ಗೌಡ್ರಿಗೆ ಆಸೆ ಇಲ್ಲ ಮಾರಾಯ, ದಾಕ್ಷಿಣ್ಯ. ಬುದ್ಧಿ ಹೇಳ್ಬೇಕಾಗಿದ್ದು ತಿನ್ನೋರಿಗಲ್ಲ, ಬಡಿಸೋರಿಗೆ." ಇದನ್ನೇ ಅವರು ಊರೂರು ತಿರುಗಿ, ಬಡಿಸುವವರನ್ನೂ ಮಾತಾಡಿಸಿ, ಒಂದು ಲೇಖನವಾಗಿ ಬರೆದರು. ಮನಶ್ಶಾಸ್ತ್ರದ ಒಂದು ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಎರಡು ಮೂರು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯವೊಂದರಲ್ಲಿ ರೀಡರ್ ಹುದ್ದೆ ಖಾಲಿಯಾಯಿತು. ಅದು ಸಿಕ್ಕರೆ ಮೇಡಂಗೆ ಸಂಶೋಧನಾ ವಿದ್ಯಾರ್ಥಿಗಳು ಸಿಗುತ್ತಿದ್ದರು, ಒಬ್ಬರೇ ಬಸ್ಸು ಹತ್ತಿ ಮಾಡುತ್ತಿದ್ದ ಕೆಲಸವನ್ನು ಮೂರು ತಾಲ್ಲೂಕಿಗೂ ಹರಡಬಹುದಿತ್ತು. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಅರ್ಜಿಯ ಜೊತೆ, ತಮ್ಮ ಲೇಖನವನ್ನು ಬೇರೆ ಸಂಶೋಧಕರು ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ಕೊಡಬೇಕು. ಅದೇ ಅಳತೆಗೋಲು.

ಹುಡುಕುವ ಕೆಲಸ ನನ್ನದು. ಲೈಬ್ರರಿಯ ಇಂಟರ್ನೆಟ್ಟು ಹತ್ತು ನಿಮಿಷ ಬಂದರೆ ಅರ್ಧ ಗಂಟೆ ಹೋಗುತ್ತಿತ್ತು. ವಾರಗಟ್ಟಲೆ ಕೂತೆ. ಮನಶ್ಶಾಸ್ತ್ರದವರು ಅವರನ್ನು ನೆನೆದದ್ದು ಬೆರಳೆಣಿಕೆಯಷ್ಟು. ಸಕ್ಕರೆ ಕಾಯಿಲೆಯ ಪತ್ರಿಕೆಗಳಲ್ಲಿ ನೋಡುತ್ತೇನೆ, ಎರಡು ಪುಟ ತುಂಬಿತು! ಓಡುತ್ತಾ ಹೋಗಿ ಕೊಟ್ಟೆ.

ಬೇರೆಯವರಾಗಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮೇಡಂ ಆ ಲೇಖನಗಳನ್ನೆಲ್ಲ ತರಿಸು ಎಂದರು. ಬರೆದವರಿಗೇ ಇ-ಮೇಲ್ ಹಾಕಿ ಒಂದೊಂದನ್ನೇ ತರಿಸಿದೆ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಓದಿದರು. ಓದಿ, ಪಟ್ಟಿಯಲ್ಲಿ ಗೀಟು ಎಳೆಯತೊಡಗಿದರು.

"ಇದು ಯಾಕೆ ಮೇಡಂ?" ನಾನು ಪಟ್ಟಿಗೆ ಕೈ ಅಡ್ಡ ಹಿಡಿದೆ.

"ಇವ್ರು ನಂದು ಓದೇ ಇಲ್ಲ ಮಾರಾಯ. ಹಳ್ಳಿಯವ್ರಿಗೆ ನಾಲಿಗೆ ಮೇಲೆ ಹಿಡಿತ ಇಲ್ಲ ಅಂತ ನಾನು ಕಂಡುಹಿಡಿದೆ ಅಂತೆ! ಮೊದ್ಲು ಒಬ್ಬ ಹಂಗೆ ಬರೆದ, ಉಳಿದವ್ರು ಅವನದ್ದು ನೋಡಿ ಬರೆದ್ರು."

"ಇರ್ಲಿ ಬಿಡಿ, ನಿಮ್ಮ ಹೆಸರು ಬಂತಲ್ಲ."

"ನನ್ನ ಹೆಸರು ಬಂತು. ಶೇಷಪ್ಪಗೌಡ್ರ ಮಾನ ಹೋಯ್ತು."

ಕೊನೆಗೆ ಉಳಿದದ್ದು ಅರ್ಧ ಪುಟ. ಹೊಸದಾಗಿ ಟೈಪ್ ಮಾಡು ಎಂದು ನನ್ನ ಕೈಗಿಟ್ಟರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ಪ್ರಾಮಾಣಿಕತೆ ಯಾರಿಗೆ ಬೇಕಾಗಿತ್ತು? ಆಯ್ಕೆ ಮಂಡಳಿಯವರು ಎಣಿಸುತ್ತಾರೆಯೇ ಹೊರತು ಓದುತ್ತಾರೆಯೇ? ಅರ್ಜಿಯ ಜೊತೆ ಮೊದಲಿನ ಪೂರ್ತಿ ಪಟ್ಟಿಯನ್ನೇ, ಪುರಾವೆಗೆಂದು ಆ ಲೇಖನಗಳ ಮೊದಲ ಪುಟಗಳನ್ನೂ ಸೇರಿಸಿ, ಕವರಿಗೆ ಹಾಕಿ, ಅಂಟಿಸಿ, ಮೇಡಂ ಕೈಗೆ ಕೊಟ್ಟೆ. ಅವರು ಪೋಸ್ಟಾಫೀಸಿಗೆ ನಡೆದುಕೊಂಡು ಹೋಗಿ ರಿಜಿಸ್ಟರ್ ಮಾಡಿ ಬಂದರು.

ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ನಡೆದದ್ದನ್ನು ಆ ದಿನ ಒಳಗೇ ಇದ್ದ ಗುಮಾಸ್ತರೊಬ್ಬರಿಂದ ತಿಳಿದೆ. ಮಂಡಳಿಯವರೊಬ್ಬರು ಪಟ್ಟಿ ಹಿಡಿದು, "ಹಳ್ಳಿಗರಿಗೆ ಸಂಯಮವಿಲ್ಲವೆಂಬ ನಿಮ್ಮ ಮಾತನ್ನು ಎಷ್ಟು ಜನ ಒಪ್ಪಿದ್ದಾರೆ!" ಎಂದು ಹೊಗಳಿದರಂತೆ. ಮೇಡಂ ಎದ್ದು ನಿಂತು, ತಾನು ಹಾಗೆ ಬರೆದಿಲ್ಲ, ಆ ಉಲ್ಲೇಖಗಳನ್ನು ಎಣಿಸಬೇಡಿ ಎಂದು ಒಂದೊಂದನ್ನೇ ತೋರಿಸಿ ತೆಗೆಸಿದರಂತೆ. ಕೆಲಸ ಬೇರೆಯವರಿಗಾಯಿತು.

ಸಂದರ್ಶನದ ಮರುದಿನ ಕಾಲೇಜಿಗೆ ಬಂದವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ನಿವೃತ್ತಿಯವರೆಗೂ ಎಂದಿನಂತೆ ಭಾನುವಾರ ಬಸ್ಸು ಹತ್ತಿದರು. ನಿವೃತ್ತರಾಗಿ ಶೃಂಗೇರಿಯ ತಂಗಿಯ ಮನೆ ಸೇರಿದರು, ಎರಡೇ ವರ್ಷಕ್ಕೆ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ಕಂಡದ್ದು, ಅವರು ಊರು ಬಿಟ್ಟ ದಿನ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ. ಟ್ರಂಕು ಎತ್ತಿಡಲು ಹೋಗಿದ್ದೆ. ಇನ್ನು ಬಚ್ಚಿಟ್ಟುಕೊಳ್ಳಲಾಗದೆ ಹೇಳಿಬಿಟ್ಟೆ.

"ಮೇಡಂ, ಆ ಪಟ್ಟಿ... ನೀವು ಹೊಡೆದುಹಾಕಿದ್ದನ್ನೆಲ್ಲ ನಾನೇ ಸೇರಿಸಿ ಕಳಿಸಿದ್ದು."

"ಗೊತ್ತು."

"ಸಂದರ್ಶನದಲ್ಲಿ ಗೊತ್ತಾಗಿದ್ದಲ್ವಾ?"

"ಅಲ್ಲ. ಪೋಸ್ಟಾಫೀಸಿನಲ್ಲೇ. ಅರ್ಧ ಪುಟದ ಪಟ್ಟಿಗೆ ಕವರು ಅಷ್ಟು ದಪ್ಪ ಇರ್ತದಾ?"

ಎತ್ತಿದ್ದ ಟ್ರಂಕು ಕೆಳಗಿಟ್ಟೆ. "ಮತ್ತೆ ಯಾಕೆ ಕಳಿಸಿದ್ರಿ?" ಎಂದೆ.

ಮೇಡಂ ಬಸ್ಸು ಬಂತಾ ಎಂದು ರಸ್ತೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಆ ಕೆಲಸ ನಂಗೂ ತುಂಬ ಬೇಕಿತ್ತು ಮಾರಾಯ."